ಗೋಬರ್ ಗ್ಯಾಸ್ ರಿಪೇರಿ: ಒಲೆಯಿಂದ ಗುಂಡಿಯ ಕಡೆಗೆ

ಹೊಸನಗರ ತಾಲ್ಲೂಕಿನ ಒಂದು ಅಡಿಕೆ ತೋಟದ ಮನೆ. ಹಿತ್ತಿಲಲ್ಲಿ ದಿನಕ್ಕೆ 2 ಘನ ಮೀಟರ್ ಗ್ಯಾಸ್ ಕೊಡಬಲ್ಲ ದೀನಬಂಧು ಗೋಬರ್ ಗ್ಯಾಸ್, ಅಂದರೆ ನೆಲದೊಳಗೆ ಇಟ್ಟಿಗೆಯ ಡೋಮ್ ಕಟ್ಟುವ ಮಾದರಿ. ದಿನಾ ಸಗಣಿ ಬೀಳುತ್ತಿದೆ, ಆದರೆ ಬೆಳಿಗ್ಗೆ ಹದಿನೈದು ನಿಮಿಷ ಉರಿಯುವುದರೊಳಗೆ ಒಲೆ ನಂದುತ್ತದೆ. ಉರಿಯುವಾಗಲೂ ಬೆಂಕಿ ಕುಣಿಯುತ್ತದೆ, ಪೈಪಿನೊಳಗೆ ಬುಳುಬುಳು ಸದ್ದು. ಹೀಗಾಗಿ ಅಡುಗೆ ಪೂರ್ತಿ ಸಿಲಿಂಡರಿಗೆ ತಿರುಗಿತ್ತು. ಸಿಲಿಂಡರ್ ದರ ಏರಿದಾಗ ಹಳೇ ಗುಂಡಿ ನೆನಪಾಗುತ್ತದೆ, ಆಗ ಯಾರಾದರೂ ಒಬ್ಬರು ‘ಡೋಮ್ ಒಡೆದಿದೆ, ಹೊಸದೇ ಕಟ್ಟಿಸಬೇಕು’ ಅನ್ನುತ್ತಾರೆ, ಅಲ್ಲಿಗೆ ಮಾತು ನಿಲ್ಲುತ್ತದೆ.

ಡೋಮ್ ಒಡೆದಿದೆ ಅನ್ನುವುದು ಕಡೆಗೆ ಬರಬೇಕಾದ ತೀರ್ಮಾನ. ಅದಕ್ಕೂ ಮೊದಲು ಒಲೆ, ಪೈಪು, ವಾಲ್ವು, ಡೋಮಿನ ಕುತ್ತಿಗೆ (ಗ್ಯಾಸ್ ಪೈಪು ಹೊರಬರುವ ಜಾಗ), ಸಗಣಿಯ ತೂಕ, ಇಷ್ಟನ್ನೂ ಇದೇ ಕ್ರಮದಲ್ಲಿ ನೋಡಬೇಕು (ಒಲೆ ಬದಲಿಸುವ ಮಾತು ಮಾತ್ರ ಇಲ್ಲಿ ಕೊನೆಯಲ್ಲಿದೆ). ಒಲೆಯಿಂದ ಗುಂಡಿಯ ಕಡೆಗೆ ಹೋದರೆ ಅಗ್ಗದ ತಪ್ಪುಗಳು ಮೊದಲು ಸಿಗುತ್ತವೆ. ಗುಂಡಿಯಿಂದ ಶುರು ಮಾಡಿದವರು ಡೋಮ್ ಖಾಲಿ ಮಾಡಿಸಿ, ಗಾರೆ ಮಾಡಿಸಿ, ಮತ್ತೆ ತುಂಬಿಸಿದ ಮೇಲೆ ಅದೇ ತೂತು ಪೈಪಿನಲ್ಲಿ ಗ್ಯಾಸ್ ಕಳೆದುಕೊಳ್ಳುತ್ತಾರೆ.

ಮೊದಲು ಅಳತೆಗೋಲು

ಬೇಕಾದ್ದು ಯು ಆಕಾರದ ಒಂದು ನೀರಿನ ಮಾಪಕ. ಗಾರೆಯವರು ಲೆವೆಲ್ ನೋಡುವ ಪಾರದರ್ಶಕ ಪೈಪು 4 ಮೀಟರ್, ಒಳಗಿನ ವ್ಯಾಸ 8 ಮಿ.ಮೀ. ಇದ್ದರೆ ಸಾಕು. ಒಂದೂವರೆ ಮೀಟರ್ ಉದ್ದದ ಅಡಿಕೆ ದಬ್ಬೆಯ ಮೇಲೆ ಅದನ್ನು ಯು ಆಕಾರಕ್ಕೆ ಬಗ್ಗಿಸಿ ತಂತಿಯಿಂದ ಕಟ್ಟಿ. ಎರಡು ಕಾಲುಗಳ ನಡುವೆ 150 ಸೆಂ.ಮೀ.ನ ದರ್ಜಿ ಟೇಪು ಅಂಟಿಸಿ. ಬಟ್ಟೆಗೆ ಹಾಕುವ ನೀಲಿ ಬೆರೆಸಿದ ನೀರನ್ನು ಎರಡೂ ಕಾಲುಗಳಲ್ಲಿ 70 ಸೆಂ.ಮೀ.ವರೆಗೆ ತುಂಬಿ. ಒಂದು ತುದಿ ಗಾಳಿಗೆ ತೆರೆದಿರಲಿ. ಇನ್ನೊಂದು ತುದಿಯನ್ನು ಒಲೆಯ ವಾಲ್ವಿಗಿಂತ ಮುಂಚೆ ಒಂದು ಟೀ (ಮೂರು ಬಾಯಿಯ ಪೈಪ್ ಜೋಡಣೆ) ಹಾಕಿ ಗ್ಯಾಸ್ ಪೈಪಿಗೆ ಸೇರಿಸಿ.

ಓದುವಾಗ ಒಂದು ತಪ್ಪು ಮೇಲಿಂದ ಮೇಲೆ ಆಗುತ್ತದೆ. ಒಂದು ಕಾಲಿನಲ್ಲಿ ನೀರು 17 ಸೆಂ.ಮೀ. ಏರಿತು ಎಂದರೆ ಒತ್ತಡ 17 ಅಲ್ಲ. ಇನ್ನೊಂದರಲ್ಲಿ 17 ಇಳಿದಿರುತ್ತದೆ, ಎರಡರ ಮಟ್ಟದ ಅಂತರ 34. ಅದೇ ಒತ್ತಡ. ದೀನಬಂಧುವಿನಲ್ಲಿ ಗ್ಯಾಸ್ ತುಂಬಿದಾಗ ಇದು 90 ಸೆಂ.ಮೀ. ಹತ್ತಿರ ಹೋಗಬಲ್ಲದು. ಕಬ್ಬಿಣದ ಡ್ರಮ್ ತೇಲುವ ಹಳೇ ಖಾದಿ ಕಮಿಷನ್ ಮಾದರಿಯಲ್ಲಿ ಡ್ರಮ್ಮಿನ ಭಾರವೇ ಒತ್ತಡ, ಅಲ್ಲಿ ಯಾವಾಗಲೂ 10 ಸೆಂ.ಮೀ. ಆಸುಪಾಸು. ಈ ವ್ಯತ್ಯಾಸ ಮುಂದೆ ಎರಡು ಕಡೆ ಬೇಕಾಗುತ್ತದೆ.

ಈ ಗುಂಡಿಯಲ್ಲಿ ಸಿಕ್ಕ ಅಳತೆ: ಸಂಜೆ 6ಕ್ಕೆ 12 ಸೆಂ.ಮೀ., ರಾತ್ರಿ 10ಕ್ಕೆ 34, ಬೆಳಿಗ್ಗೆ 6ಕ್ಕೂ 34. ಮೂರು ದಿನವೂ ಅದೇ. ಗ್ಯಾಸ್ ಹುಟ್ಟುತ್ತಿದೆ, ಇಲ್ಲದಿದ್ದರೆ ಸಂಜೆಯಿಂದ ಏರುತ್ತಿರಲಿಲ್ಲ. ಆದರೆ 34ರ ಮೇಲೆ ಹುಟ್ಟಿದ್ದೆಲ್ಲ ಎಲ್ಲೋ ಹೊರಗೆ ಹೋಗುತ್ತಿದೆ. ಒತ್ತಡ ದಿನವೂ ಒಂದೇ ಎತ್ತರಕ್ಕೆ ನಿಂತರೆ ಸೋರಿಕೆ ಎಂದೇ ತಿಳಿಯಬೇಕು. ಏರುವುದೇ ಇಲ್ಲವೆಂದರೆ ಮಾತ್ರ ಸಗಣಿಯನ್ನೂ ಒಳಗಿನ ಹುದುಗನ್ನೂ ಅನುಮಾನಿಸಬೇಕು.

ಪೈಪಿನ ಸೋರಿಕೆ

ಡೋಮಿನ ತಲೆಯ ಮೇಲಿನ ಮುಖ್ಯ ವಾಲ್ವು ಮುಚ್ಚಿ, ಒಲೆಯದ್ದೂ ಮುಚ್ಚಿ. ಈಗ ಮಾಪಕ ತೋರಿಸುವುದು ಪೈಪಿನೊಳಗೆ ಸಿಕ್ಕಿಬಿದ್ದ ಗ್ಯಾಸಿನ ಒತ್ತಡ ಮಾತ್ರ. ಇಲ್ಲಿ 34ರಿಂದ ಸೊನ್ನೆಗೆ ಇಳಿಯಲು 25 ಸೆಕೆಂಡು ಹಿಡಿಯಿತು.

ಇದು ದೊಡ್ಡದೋ ಸಣ್ಣದೋ ಎಂದು ಲೆಕ್ಕ ಹಾಕಿಯೇ ತಿಳಿಯಬೇಕು. ಅರ್ಧ ಇಂಚಿನ 20 ಮೀಟರ್ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನೊಳಗೆ ಹಿಡಿಯುವುದು ಸುಮಾರು 4 ಲೀಟರ್. ಹೊರಗಿನ ಗಾಳಿಯ ಒತ್ತಡ ಸುಮಾರು 1,000 ಸೆಂ.ಮೀ. ನೀರಿನಷ್ಟು. ಹಾಗಾಗಿ 34 ಸೆಂ.ಮೀ. ಕಳೆದುಹೋಗಲು ಹೊರಗೆ ಹೋಗಬೇಕಾದ ಗ್ಯಾಸ್ 4 ಲೀಟರಿನ ನೂರಕ್ಕೆ ಮೂರೂವರೆ ಭಾಗ, ಅಂದರೆ 140 ಮಿ.ಲೀ. ಮಾತ್ರ. 25 ಸೆಕೆಂಡಿಗೆ 140 ಮಿ.ಲೀ. ಎಂದರೆ ಗಂಟೆಗೆ 20 ಲೀಟರ್, ದಿನಕ್ಕೆ 480 ಲೀಟರ್. ಅರ್ಧ ಘನ ಮೀಟರ್ ಗ್ಯಾಸ್ ಅಡುಗೆಮನೆ ತಲುಪದೆ ಹೋಗುತ್ತಿತ್ತು. ಇದೇ ಇಳಿತಕ್ಕೆ ಹತ್ತು ನಿಮಿಷ ಹಿಡಿದಿದ್ದರೆ ನಷ್ಟ ದಿನಕ್ಕೆ 20 ಲೀಟರ್, ಅದಕ್ಕಾಗಿ ಅಂಗಳ ಅಗೆಯಬೇಕಾಗಿಲ್ಲ. ಈ ಪರೀಕ್ಷೆ ಬಹಳ ಸೂಕ್ಷ್ಮ, ಸೊನ್ನೆಗೆ ಇಳಿಯಿತು ಎಂದ ಮಾತ್ರಕ್ಕೆ ಗಾಬರಿ ಬೇಡ. ಎಷ್ಟು ಹೊತ್ತಿನಲ್ಲಿ ಇಳಿಯಿತು ಅನ್ನುವುದು ಮುಖ್ಯ.

ಬಿಸಿಲಿನಲ್ಲಿ ಈ ಪರೀಕ್ಷೆ ಮಾಡಬಾರದು. ಮುಚ್ಚಿದ ಪೈಪು ಒಂದು ಡಿಗ್ರಿ ಬಿಸಿಯಾದರೆ ಮಾಪಕ ಮೂರೂವರೆ ಸೆಂ.ಮೀ. ಏರುತ್ತದೆ, ಮೋಡ ಮುಚ್ಚಿದರೆ ಅಷ್ಟೇ ಇಳಿಯುತ್ತದೆ. ಬೆಳಗಿನ ಜಾವವೇ ಸರಿಯಾದ ಹೊತ್ತು.

ಸೋರುವ ಜಾಗ ಹುಡುಕಲು ಸೋಪಿನ ನೊರೆ ಮತ್ತು ಹಳೇ ಶೇವಿಂಗ್ ಬ್ರಷ್. ಬೆಂಕಿಕಡ್ಡಿ ಗೀರಿ ನೋಡುವ ಅಭ್ಯಾಸ ಇನ್ನೂ ಇದೆ, ದಯವಿಟ್ಟು ಬೇಡ. ಮೀಥೇನ್ ಗಾಳಿಯಲ್ಲಿ ನೂರಕ್ಕೆ 5ರಿಂದ 15 ಭಾಗ ಬೆರೆತರೆ ಸ್ಫೋಟಿಸುತ್ತದೆ. ನೊರೆ ಗುಳ್ಳೆ ಎದ್ದದ್ದು ಎರಡು ಕಡೆ: ಅಡುಗೆಮನೆ ಕಿಟಕಿಯ ಕೆಳಗಿನ ಬೆಂಡಿನ ಮರೆಯಲ್ಲಿ (ತಿರುಪಿನ ಸುತ್ತುಗಳಲ್ಲಿ), ಮತ್ತೆ ಪೈಪು ಮಣ್ಣಿಗೆ ಇಳಿಯುವ ಜಾಗದಲ್ಲಿ. ಎರಡನೆಯದು ಮಲೆನಾಡಿನ ಖಾಯಂ ಜಾಗ. ಮಣ್ಣಿನ ಮಟ್ಟದಲ್ಲಿ ನಾಲ್ಕೈದು ತಿಂಗಳು ಒದ್ದೆ ಆರುವುದೇ ಇಲ್ಲ, ಜಿಐ ಪೈಪು ಅಲ್ಲಿ ಉಂಗುರದಂತೆ ತುಕ್ಕು ತಿನ್ನುತ್ತದೆ. ಉಗುರಿನಿಂದ ಕೆರೆದರೆ ಪದರ ಪದರವಾಗಿ ಎದ್ದು ಬಂತು.

ತೇಪೆ ಹಾಕದೆ ಪೈಪು ಪೂರ್ತಿ ಬದಲಿಸಿದ್ದಾಯಿತು. 25 ಮಿ.ಮೀ. ಕಪ್ಪು ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಪೈಪು 20 ಮೀಟರ್, ಮುಂದೆ ಹೇಳುವ ಟೀ ಬಿಟ್ಟರೆ ನಡುವೆ ಜೋಡಣೆಯಿಲ್ಲ, ಎರಡು ತುದಿಗೆ ಕಂಪ್ರೆಷನ್ ಜಾಯಿಂಟ್, ಒಂದು ಅಡಿ ಆಳದಲ್ಲಿ ಹೂತು ಮೇಲೆ ಹಂಚಿನ ಚೂರು ಹಾಸಿದ್ದು. ಬಿಳಿ ಪಿವಿಸಿ ಅಗ್ಗ ನಿಜ, ಆದರೆ ಬಿಸಿಲಿಗೆ ಬಿದ್ದ ಭಾಗ ಕೆಲವು ವರ್ಷದಲ್ಲಿ ಮುರುಕಲಾಗುತ್ತದೆ. ಗೋಡೆ ದಾಟಿ ಅಡುಗೆಮನೆಯೊಳಗೆ ಬರುವ ಒಂದೂವರೆ ಮೀಟರ್ ಮಾತ್ರ ಜಿಐ. ಮರೆಗಳಿಗೆ ಟೆಫ್ಲಾನ್ ಟೇಪು, ಪ್ರತಿ ಮರೆಗೆ ಏಳೆಂಟು ಸುತ್ತು, ಮರೆ ತಿರುಗುವ ದಿಕ್ಕಿನಲ್ಲೇ. ಹಿತ್ತಾಳೆಯ ಗೇಟ್ ವಾಲ್ವು ಒಳಗೆಲ್ಲ ಕಪ್ಪಾಗಿ ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಗೋಬರ್ ಗ್ಯಾಸಿನಲ್ಲಿ ಕೊಳೆತ ಮೊಟ್ಟೆಯ ವಾಸನೆ ಕೊಡುವ ಹೈಡ್ರೋಜನ್ ಸಲ್ಫೈಡ್ ತಾಮ್ರ ಇರುವ ಲೋಹವನ್ನೆಲ್ಲ ಹೀಗೆ ತಿನ್ನುತ್ತದೆ. ಅದರ ಜಾಗಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಬಾಲ್ ವಾಲ್ವು.

ಪೈಪಿನೊಳಗಿನ ನೀರು

ಬುಳುಬುಳು ಸದ್ದಿಗೆ ಕಾರಣ ನೀರು. ಗುಂಡಿಯಿಂದ ಬರುವ ಗ್ಯಾಸ್ ಹಬೆ ತುಂಬಿಕೊಂಡೇ ಬರುತ್ತದೆ. 26 ಡಿಗ್ರಿಯ ಗ್ಯಾಸ್ ಪೈಪಿನಲ್ಲಿ 20 ಡಿಗ್ರಿಗೆ ತಣಿದರೆ ಪ್ರತಿ ಘನ ಮೀಟರಿಗೆ ಸುಮಾರು 7 ಗ್ರಾಂ ನೀರು ಬಿಟ್ಟುಕೊಡುತ್ತದೆ. ದಿನಕ್ಕೆ ಒಂದು ಘನ ಮೀಟರ್ ಬಳಸಿದರೆ ತಿಂಗಳಿಗೆ 200 ಮಿ.ಲೀ. ಕೇಳಲು ಸಣ್ಣದು, ಆದರೆ ಅರ್ಧ ಇಂಚಿನ ಪೈಪಿನಲ್ಲಿ ಒಂದು ಮೀಟರ್ ಉದ್ದ ಪೂರ್ತಿ ತುಂಬಲು ಅಷ್ಟು ಸಾಕು. ಹಳೇ ಪೈಪು ಅಂಗಳ ದಾಟುವಲ್ಲಿ ಒಂದು ಗೇಣು ತಗ್ಗಿತ್ತು, ನೀರು ಅಲ್ಲೇ ನಿಂತಿತ್ತು. ಒತ್ತಡ ಜಾಸ್ತಿ ಇರುವವರೆಗೆ ಗ್ಯಾಸ್ ನೀರನ್ನು ತಳ್ಳಿಕೊಂಡು ಬರುತ್ತದೆ, ಬೆಂಕಿ ಕುಣಿಯುವುದು ಅದಕ್ಕೇ. ಒತ್ತಡ ಆ ನೀರಿನ ಎತ್ತರಕ್ಕಿಂತ ಕೆಳಗಿಳಿದ ಕೂಡಲೇ ಒಲೆ ನಂದುತ್ತದೆ, ಗುಂಡಿಯಲ್ಲಿ ಗ್ಯಾಸ್ ಉಳಿದಿದ್ದರೂ.

ಹೊಸ ಪೈಪಿಗೆ ಮೀಟರಿಗೆ ಒಂದು ಸೆಂ.ಮೀ.ನಂತೆ ಇಳಿಜಾರು, ಎರಡೂ ಕಡೆಯಿಂದ ಒಂದೇ ತಗ್ಗಿಗೆ. ಆ ತಗ್ಗಿನಲ್ಲಿ ಟೀ, ಅದರ ಕೆಳಗೆ ಒಂದು ಅಡಿ ಉದ್ದದ ನೇರ ಪೈಪು, ತುದಿಗೆ ಸಣ್ಣ ನಲ್ಲಿ. ಸುತ್ತ ನಾಲ್ಕು ಇಟ್ಟಿಗೆಯ ಗೂಡು ಕಟ್ಟಿ ಮೇಲೊಂದು ಚಪ್ಪಡಿ. ನೀರು ತುಂಬಿದ ಬಾಟಲಿಯಲ್ಲಿ ಪೈಪಿನ ತುದಿ ಮುಳುಗಿಸಿಡುವ ತೆರೆದ ಟ್ರ್ಯಾಪ್ ಡ್ರಮ್ ಮಾದರಿಗೆ ಸರಿಹೋಗುತ್ತದೆ, ಅಲ್ಲಿ ಒತ್ತಡ 10 ಸೆಂ.ಮೀ. ಮಾತ್ರ. ಅದನ್ನು ನೋಡಿ ದೀನಬಂಧುವಿಗೂ ಹಾಗೇ ಮಾಡಿದರೆ ಒಂದು ರಾತ್ರಿಯಲ್ಲಿ ಗ್ಯಾಸ್ ಬಾಟಲಿಯ ನೀರನ್ನೆಲ್ಲ ಉಗಿದು ಹೊರಹೋಗುತ್ತದೆ. ಮೀಟರ್‌ಗಿಂತ ಆಳದ ನೀರು ನಿಲ್ಲಿಸುವುದಕ್ಕಿಂತ ನಲ್ಲಿಯೇ ಸುಲಭ.

ಪೈಪು ಮುಗಿದ ಮೇಲೆ ಮತ್ತೆ ಅಳತೆ: ಅರ್ಧ ಗಂಟೆಯಲ್ಲಿ ಒಂದು ಸೆಂ.ಮೀ. ಇಳಿತ. ಪೈಪಿನ ಕೆಲಸ ಅಲ್ಲಿಗೆ ಸರಿ. ಆದರೆ ಮುಖ್ಯ ವಾಲ್ವು ತೆರೆದಿಟ್ಟರೆ ರಾತ್ರಿಯ ಒತ್ತಡ 51ಕ್ಕೆ ಏರಿ ಮತ್ತೆ ನಿಲ್ಲುತ್ತಿತ್ತು. ಇನ್ನೊಂದು ತೂತು ಉಳಿದಿದೆ.

ಡೋಮಿನ ಕುತ್ತಿಗೆ

ಡೋಮಿನ ಮೇಲಿನ ಮಣ್ಣು ಮಳೆಗೆ ಕೊಚ್ಚಿಹೋಗಿ ಕುತ್ತಿಗೆಯ ಸುತ್ತ ಇಟ್ಟಿಗೆ ಕಾಣುತ್ತಿತ್ತು. ಈ ಮಣ್ಣನ್ನು ಜನ ಬರೀ ಹೊದಿಕೆ ಎಂದುಕೊಂಡಿದ್ದಾರೆ. ಅದು ಭಾರ, ಬೇಕೆಂದೇ ಹೇರಿದ ಭಾರ. ಇಟ್ಟಿಗೆಯ ಡೋಮ್ ಮೇಲಿಂದ ಒತ್ತಿದರೆ ಬಹಳಷ್ಟನ್ನು ತಡೆಯುತ್ತದೆ, ಒಳಗಿಂದ ಉಬ್ಬಿಸಿದರೆ ಬಿರಿಯುತ್ತದೆ. 90 ಸೆಂ.ಮೀ. ಒತ್ತಡವೆಂದರೆ ಪ್ರತಿ ಚದರ ಮೀಟರಿಗೆ 900 ಕೆ.ಜಿ.ಯಷ್ಟು ಮೇಲ್ಮುಖ ತಳ್ಳು. ಅದಕ್ಕೆ ಎದುರಾಗಿ ಎರಡು ಅಡಿ ದಪ್ಪದ ಮಣ್ಣು ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ. ಹುಲಿಕಲ್, ಆಗುಂಬೆ ಕಡೆಯಂಥ ಮಳೆಯಲ್ಲಿ ಆ ಮಣ್ಣು ವರ್ಷವರ್ಷ ಸವೆಯುತ್ತದೆ, ಕಡೆಗೊಂದು ದಿನ ಗ್ಯಾಸ್ ತುಂಬಿದಾಗ ಕುತ್ತಿಗೆ ಬಿರುಕು ಬಿಡುತ್ತದೆ. ಬಯಲುಸೀಮೆಯ ಗುಂಡಿಗಳಿಗೆ ಈ ತೊಂದರೆ ಇಷ್ಟಿಲ್ಲ.

ಸುತ್ತ ಒಂದು ಅಡಿ ಮಣ್ಣು ತೆಗೆದು, ತೊಳೆದು, ನೊರೆ ಹಚ್ಚಿದಾಗ ಜಿಐ ಪೈಪು ಮತ್ತು ಗಾರೆ ಕೂಡುವಲ್ಲಿ ಅರ್ಧ ಸುತ್ತು ಗುಳ್ಳೆ ಎದ್ದವು. ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳು, ಒಂದರ ಹಿಂದೊಂದು, ಕೂದಲೆಳೆಯಷ್ಟು ಬಿರುಕಿನುದ್ದಕ್ಕೂ. ಇದನ್ನು ಹೊರಗಿನಿಂದಲೇ ಮುಚ್ಚಬಹುದು.

ಮೊದಲು ಗ್ಯಾಸ್ ಪೂರ್ತಿ ಬಿಡಬೇಕು. ಮನೆಯ ಒಲೆ, ಬಚ್ಚಲ ಒಲೆ, ಬೀಡಿ, ಯಾವ ಬೆಂಕಿಯೂ ಹತ್ತಿರ ಇರಬಾರದು. ಉಳಿಯಿಂದ ಬಿರುಕಿನುದ್ದಕ್ಕೂ 2 ಸೆಂ.ಮೀ. ಆಳದ ವಿ ಆಕಾರದ ಗಾಡಿ (ಸಣ್ಣ ಕಾಲುವೆ) ಕಡಿದು, ತಂತಿ ಬ್ರಷ್ಷಿನಿಂದ ಪುಡಿ ತೆಗೆದು, ಸಿಮೆಂಟ್ ಹಾಲು ಹಚ್ಚಿ, ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಜರಡಿ ಹಿಡಿದ ಮರಳು ಸೇರಿಸಿದ ಗಟ್ಟಿ ಗಾರೆಯನ್ನು ಒತ್ತಿ ತುಂಬಬೇಕು. ವಾಟರ್‌ಪ್ರೂಫಿಂಗ್ ದ್ರಾವಣವನ್ನು ಡಬ್ಬಿಯ ಮೇಲೆ ಬರೆದಷ್ಟೇ ಹಾಕಿ, ಹೆಚ್ಚು ಹಾಕಿದರೆ ಗಾರೆ ಬಲ ಕಳೆದುಕೊಳ್ಳುತ್ತದೆ.

ಈ ಕೆಲಸ ಕೆಡುವುದು ಇದಾದ ಮೇಲೆ. ಗುಂಡಿ ನಮಗಾಗಿ ಕಾಯುವುದಿಲ್ಲ, ಗ್ಯಾಸ್ ಹುಟ್ಟುತ್ತಲೇ ಇರುತ್ತದೆ. ವಾಲ್ವು ಮುಚ್ಚಿಟ್ಟರೆ ಒಂದೆರಡು ಗಂಟೆಯಲ್ಲಿ ಒತ್ತಡ ಏರಿ, ಹಸಿ ಗಾರೆಯೊಳಗೆ ಎರೆಹುಳು ಹೋದಂತೆ ದಾರಿ ಕೊರೆದುಕೊಂಡು ಗ್ಯಾಸ್ ಹೊರಬರುತ್ತದೆ. ಮೇಲೆ ಕಾಣುವುದಿಲ್ಲ, ಒಣಗಿದ ಮೇಲೆ ಅದೇ ಸೋರಿಕೆ. ಆದ್ದರಿಂದ ಮೂರು ದಿನ ವಾಲ್ವು ತೆರೆದು, ಒಂದು ಪೈಪು ಸಿಕ್ಕಿಸಿ ಮನೆಯಿಂದ ದೂರ, ಆಳೆತ್ತರದ ಮೇಲೆ ಗ್ಯಾಸ್ ಹೊರಬಿಟ್ಟಿದ್ದಾಯಿತು. ಒದ್ದೆ ಗೋಣಿ ಏಳು ದಿನ. ಆಮೇಲೆ ಮಣ್ಣು, ಆರಾರು ಇಂಚು ಹಾಕಿ ತುಳಿದು, ಎರಡು ಅಡಿ ಎತ್ತರಕ್ಕೆ. ಕೊಚ್ಚಿಹೋಗದಂತೆ ಮೇಲೆ ಗರಿಕೆ ನೆಟ್ಟು, ಸುತ್ತ ನೀರು ಹರಿಯಲು ಒಂದು ಕಾಲುವೆ.

ಬಿರುಕು ಡೋಮಿನ ಒಳಮೈಯಲ್ಲಿದ್ದರೆ ಗುಂಡಿ ಖಾಲಿ ಮಾಡಿ ಒಳಗಿಳಿಯಬೇಕಾಗುತ್ತದೆ. ಅದು ಹವ್ಯಾಸಿಗಳ ಕೆಲಸ ಅಲ್ಲ. ಖಾಲಿ ಕಂಡ ಗುಂಡಿಯ ತಳದಲ್ಲೂ ಆಮ್ಲಜನಕ ಇರುವುದಿಲ್ಲ, ಉಳಿದ ಬಗ್ಗಡ ಕಲಕಿದ ಕೂಡಲೇ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಹೆಚ್ಚಾದಾಗ ಅದರ ವಾಸನೆಯೂ ಮೂಗಿಗೆ ತಿಳಿಯುವುದಿಲ್ಲ. ಒಬ್ಬರು ಬಿದ್ದರು ಎಂದು ಎತ್ತಲು ಇನ್ನೊಬ್ಬರು ಇಳಿದು ಇಬ್ಬರೂ ಹೋಗುತ್ತಾರೆ. ಬ್ಲೋವರ್, ಸೊಂಟಕ್ಕೆ ಹಗ್ಗ, ಮೇಲೆ ಇಬ್ಬರು, ಇಷ್ಟೂ ಇರುವ ಅನುಭವಿ ಕೆಲಸಗಾರರಿಗೇ ಅದನ್ನು ಬಿಡಿ.

ಸಗಣಿ

ಕೊಟ್ಟಿಗೆಯಲ್ಲಿ ಎರಡು ಜರ್ಸಿ ಮಿಶ್ರತಳಿ, ಎರಡು ಮಲೆನಾಡು ಗಿಡ್ಡ. ತೂಗಿದರೆ ದಿನಕ್ಕೆ 28 ಕೆ.ಜಿ. ಗಿಡ್ಡ ತಳಿ ಹಗಲೆಲ್ಲ ಮೇಯಲು ಹೋಗುವುದರಿಂದ ಸಿಗುವುದು ರಾತ್ರಿಯ ಸಗಣಿ ಮಾತ್ರ. 2 ಘನ ಮೀಟರ್ ಗುಂಡಿಗೆ ಬೇಕಾದ್ದು 50 ಕೆ.ಜಿ. ಒಂದು ಕೆ.ಜಿ. ಸಗಣಿಗೆ 40 ಲೀಟರ್ ಗ್ಯಾಸ್ ಎಂದರೆ ಇಲ್ಲಿ ಹೆಚ್ಚೆಂದರೆ 1.1 ಘನ ಮೀಟರ್. ಗುಂಡಿ ದೊಡ್ಡದಾಯಿತು ಎಂದು ಬೇಸರಪಡಬೇಕಿಲ್ಲ. ಕಡಿಮೆ ಹಾಕಿದಷ್ಟೂ ಸಗಣಿ ಒಳಗೆ ಹೆಚ್ಚು ದಿನ ಉಳಿಯುತ್ತದೆ, ಮಲೆನಾಡಿನ ತಂಡಿಗೆ ಅದು ಒಳ್ಳೆಯದೇ. ಮೀಥೇನ್ ಮಾಡುವ ಸೂಕ್ಷ್ಮಜೀವಿಗಳಿಗೆ 30ರಿಂದ 35 ಡಿಗ್ರಿ ಹಿತ, 20ರ ಕೆಳಗೆ ಅವು ಜಡವಾಗುತ್ತವೆ.

ನೀರು ಸಗಣಿಯಷ್ಟೇ, ಒಂದಕ್ಕೆ ಒಂದು. ಇಲ್ಲಿ ಮಳೆಗಾಲದಲ್ಲಿ ಸೂರಿನ ನೀರು ಸೀದಾ ಕಲಸುವ ತೊಟ್ಟಿಗೆ ಬೀಳುತ್ತಿತ್ತು, ಕೊಟ್ಟಿಗೆ ತೊಳೆದ ನೀರೂ ಅಲ್ಲಿಗೇ. ತೆಳುವಾದರೆ ಗಟ್ಟಿ ಭಾಗ ತಳಕ್ಕಿಳಿಯುತ್ತದೆ, ಅರೆಬೆಂದ ಸಗಣಿ ಹೊರಹೋಗುತ್ತದೆ. ಫಿನಾಯಿಲ್ ಬೆರೆತರೆ ಸೂಕ್ಷ್ಮಜೀವಿಗಳು ಸಾಯುತ್ತವೆ. ತೊಟ್ಟಿಗೆ ಒಂದು ಗೇಣು ಎತ್ತರದ ಕಟ್ಟೆ, ಮೇಲೆ ತಗಡು, ತೊಳೆದ ನೀರಿಗೆ ಬೇರೆ ಚರಂಡಿ ಮಾಡಿದ್ದಾಯಿತು. ಬೆಳಿಗ್ಗೆ ಹಂಡೆಯಲ್ಲಿ ಉಳಿದ ಬೆಚ್ಚಗಿನ ನೀರಿನಿಂದ ಕಲಸಿದರೆ ಒಳ್ಳೆಯದು. ಗುಂಡಿಯ 4,000 ಲೀಟರನ್ನು ಅದು ಕಾಯಿಸುವುದಿಲ್ಲ, ತಣ್ಣೀರಿನಿಂದ ಇನ್ನಷ್ಟು ತಣಿಯುವುದನ್ನು ತಪ್ಪಿಸುತ್ತದೆ.

ಸೊಪ್ಪಿನಬೆಟ್ಟದ ಸೊಪ್ಪು, ಒಣ ದರಗು ಹಾಸಿದ ಕೊಟ್ಟಿಗೆಯ ಸಗಣಿ ಗುಂಡಿಗೆ ಆಗದು. ಎಲೆ, ಕಡ್ಡಿ ಮೇಲೆ ತೇಲಿ ಕೆನೆಗಟ್ಟುತ್ತವೆ, ಕೆಳಗಿನ ಗ್ಯಾಸ್ ಮೇಲೇಳದಂತೆ ತಡೆಯುತ್ತವೆ. ಹಾಸು ಗೊಬ್ಬರದ ಗುಂಡಿಗೇ ಹೋಗಲಿ, ಹಾಸು ಇಲ್ಲದ ಕಡೆಯ ಸಗಣಿ ಮಾತ್ರ ಇಲ್ಲಿಗೆ. ಅಡಿಕೆ ಸಿಪ್ಪೆ ಬೇಡವೇ ಬೇಡ. ದಿನಕ್ಕೊಮ್ಮೆ ಉದ್ದನೆಯ ಬಿದಿರ ಗಳುವನ್ನು ಇನ್‌ಲೆಟ್ ಪೈಪಿನೊಳಗೆ ಇಪ್ಪತ್ತು ಸಲ ಎಳೆದು ತಳ್ಳಿದರೆ ಕೆನೆ ಸಡಿಲುತ್ತದೆ. ಔಟ್‌ಲೆಟ್ಟಿನ ಹೊರಹರಿವಿನ ಕಿಂಡಿಯನ್ನೂ ನೋಡಿ. ಅದರಲ್ಲಿ ಎಲೆ ಸಿಕ್ಕಿ ಬಗ್ಗಡದ ಮಟ್ಟ ಏರಿದರೆ ಕಡೆಗೆ ಗ್ಯಾಸ್ ಪೈಪಿಗೇ ಬಗ್ಗಡ ನುಗ್ಗುತ್ತದೆ.

ಒಲೆ

ಹಳೇ ಎಲ್‌ಪಿಜಿ ಒಲೆಯನ್ನು ಗೋಬರ್ ಗ್ಯಾಸಿಗೆ ಬದಲಿಸಬಹುದು. ಎಲ್‌ಪಿಜಿ ಜೆಟ್ಟಿನ (ಗ್ಯಾಸ್ ಚಿಮ್ಮುವ ಮೂತಿಯ) ತೂತು ಒಂದು ಮಿ.ಮೀ.ಗಿಂತ ಸಣ್ಣದು. ಗಂಟೆಗೆ 0.45 ಘನ ಮೀಟರ್ ಗೋಬರ್ ಗ್ಯಾಸ್ ಬಿಡಲು 8 ಸೆಂ.ಮೀ. ಒತ್ತಡದಲ್ಲಿ ಸುಮಾರು 2.3 ಮಿ.ಮೀ. ತೂತು ಬೇಕು, 40 ಸೆಂ.ಮೀ.ನಲ್ಲಿ 1.5 ಸಾಕು. ದೀನಬಂಧುವಿನಲ್ಲಿ ಒತ್ತಡ ಏರಿಳಿಯುವುದರಿಂದ 2.3ಕ್ಕೆ ಕೊರೆದು, ಒಲೆಯ ಮುಂದಿನ ವಾಲ್ವಿನಿಂದ 8ರಿಂದ 10 ಸೆಂ.ಮೀ.ಗೆ ಇಳಿಸಿಕೊಂಡು ಉರಿಸುವುದು ಸುಲಭ. ಕೈ ಡ್ರಿಲ್ಲಿನಲ್ಲಿ 1.5ರಿಂದ ಶುರು ಮಾಡಿ ಸ್ವಲ್ಪ ಸ್ವಲ್ಪ ದೊಡ್ಡದು ಮಾಡಿ, ಒಮ್ಮೆ ದೊಡ್ಡದಾದರೆ ಹಿಂದಕ್ಕೆ ಬರಲಾಗದು. ಗಾಳಿಯ ಕಿಂಡಿ ಪೂರ್ತಿ ಮುಚ್ಚಿ ಹಚ್ಚಿ, ನಿಧಾನ ತೆರೆಯುತ್ತ ಬನ್ನಿ. ಹಳದಿ ತುದಿ ಮಾಯವಾದ ಕಡೆ ನಿಲ್ಲಿಸಿ. ಇನ್ನೂ ತೆರೆದರೆ ಬೆಂಕಿ ಬರ್ನರ್ ಬಿಟ್ಟು ಮೇಲೆದ್ದು ನಂದುತ್ತದೆ. ಹೀಗೆ ಕೊರೆದ ಒಲೆಗೆ ಮತ್ತೆಂದೂ ಸಿಲಿಂಡರ್ ಜೋಡಿಸಬಾರದು, ಆಳೆತ್ತರದ ಉರಿ ಏಳುತ್ತದೆ. ಒಲೆಯ ಮೈಮೇಲೆ ಬಣ್ಣದಲ್ಲಿ ಬರೆದಿಡಿ. ಕೈಕೆಲಸ ಬೇಡವೆನ್ನುವವರು ಐಎಸ್ 8749 ಗುರುತಿರುವ ಬಯೋಗ್ಯಾಸ್ ಒಲೆಯನ್ನೇ ಕೊಳ್ಳಲಿ.

ರಿಪೇರಿಯ ನಂತರ ಮೊದಲು ತುಂಬಿದ ಗ್ಯಾಸಿನಲ್ಲಿ ಗಾಳಿ ಬೆರೆತಿರುತ್ತದೆ. ಅದನ್ನು ಹಚ್ಚದೆ ಹೊರಬಿಟ್ಟು, ಎರಡನೇ ಸಲ ತುಂಬಿದ್ದನ್ನು ಒಲೆಗೆ ಕೊಡಬೇಕು.

ಈಗಿನ ಲೆಕ್ಕ

ಬೆಳಿಗ್ಗೆ 6ಕ್ಕೆ ಒತ್ತಡ 78 ಸೆಂ.ಮೀ. ಒಂದು ಬರ್ನರ್ ಬೆಳಿಗ್ಗೆ ಒಂದು ಗಂಟೆ ಹತ್ತು ನಿಮಿಷ, ಸಂಜೆ ಐವತ್ತು ನಿಮಿಷ, ಒಟ್ಟು ಎರಡು ಗಂಟೆ. ಅಂದರೆ 0.9 ಘನ ಮೀಟರ್. ಒಂದು ಘನ ಮೀಟರ್ ಗೋಬರ್ ಗ್ಯಾಸ್ ಸುಮಾರು 0.43 ಕೆ.ಜಿ. ಎಲ್‌ಪಿಜಿಗೆ ಸಮ, ಹಾಗಾಗಿ ದಿನಕ್ಕೆ 0.39 ಕೆ.ಜಿ. ಉಳಿತಾಯ. 36 ದಿನಕ್ಕೊಂದು 14.2 ಕೆ.ಜಿ. ಸಿಲಿಂಡರ್. ದರ ಯಾವಾಗ ಎಷ್ಟಾದರೂ ಈ ಕೆ.ಜಿ. ಲೆಕ್ಕ ಬದಲಾಗುವುದಿಲ್ಲ.

ಸ್ನಾನದ ನೀರು ಮಾತ್ರ ಇದರಲ್ಲಿ ಕಾಯಿಸಬೇಡಿ. 20 ಲೀಟರ್ ನೀರನ್ನು 22ರಿಂದ 42 ಡಿಗ್ರಿಗೆ ತರಲು ಹತ್ತಿರ ಹತ್ತಿರ 0.15 ಘನ ಮೀಟರ್ ಬೇಕು. ನಾಲ್ಕು ಜನರ ಸ್ನಾನಕ್ಕೆ ದಿನದ ಗ್ಯಾಸಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುತ್ತದೆ. ಅದಕ್ಕೆ ಬಚ್ಚಲ ಹಂಡೆಯೂ ಒಣ ಅಡಿಕೆ ಸಿಪ್ಪೆಯೂ ಇವೆ.

ತಗ್ಗಿನ ನಲ್ಲಿಯನ್ನು ಬೇಸಿಗೆಯಲ್ಲಿ ತಿಂಗಳಿಗೊಮ್ಮೆ, ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಬಿಡುವುದು. ಡೋಮಿನ ಮೇಲಿನ ಮಣ್ಣಿನ ಎತ್ತರಕ್ಕೆ ಒಂದು ಗೂಟ ನೆಟ್ಟು ಗುರುತು ಹಾಕಿದೆ. ಸೆಪ್ಟೆಂಬರಿನಲ್ಲಿ ಎಷ್ಟು ಸವೆದಿದೆ ಎಂದು ನೋಡಿ, ಅಷ್ಟು ಮಣ್ಣು ಮತ್ತೆ ಹಾಕುವುದು.